ಭಾರತ ಫುಟ್‌ಬಾಲ್ ತಂಡದಲ್ಲಿ ಕನ್ನಡ ನೆಲದ ಪಾಲು

ಊರಿನ ಹುಡುಗರು ಮನೆಗೆ ಬಂದು, ಈ ಸ್ಮರಣ ಸಂಚಿಕೆಗೆ ಭಾರತ ಫುಟ್‌ಬಾಲ್ ತಂಡದ ಇತಿಹಾಸ ಬರೆದುಕೊಡಿ ಎಂದು ಕೇಳಿದಾಗ ನನಗೆ ಮೊದಲು ನೆನಪಾದದ್ದು ಭದ್ರಾವತಿಯಲ್ಲಿದ್ದ ದೊಡ್ಡಪ್ಪನ ಮನೆಯ ಒಂದು ಫೋಟೊ. ದೊಡ್ಡಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದರು. ಕಾರ್ಖಾನೆಯ ಕ್ವಾರ್ಟರ್ಸಿನ ಪಡಸಾಲೆಯಲ್ಲಿ, ದೇವರ ಪಟಗಳ ಸಾಲಿನ ಪಕ್ಕದಲ್ಲೇ ಆ ಫೋಟೊಗೆ ಮೊಳೆ ಹೊಡೆದಿದ್ದರು. ಹಿಂದಿನ ಸಾಲಿನಲ್ಲಿ ಕೈಕಟ್ಟಿ ನಿಂತವರು ಆರು ಜನ, ಮುಂದೆ ಮಂಡಿಯೂರಿ ಕೂತವರು ಐದು ಜನ. ನಡುವೆ ತೊಗಲಿನ ಚೆಂಡು. ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆದ ಇಸವಿ ಅಳಿಸಿಹೋಗಿತ್ತು. ಚಿಕ್ಕವನಾಗಿದ್ದಾಗ ನನ್ನ ಕಣ್ಣು ಹೋಗಿ ನಿಲ್ಲುತ್ತಿದ್ದದ್ದು ಮುಂದಿನ ಸಾಲಿನ ಇಬ್ಬರ ಕಾಲಿನ ಮೇಲೆ. ಉಳಿದವರೆಲ್ಲ ಬೂಟು ಹಾಕಿದ್ದರೆ ಆ ಇಬ್ಬರದು ಬರಿಗಾಲು. ಪಾದದ ಸುತ್ತ ಬಿಳಿ ಪಟ್ಟಿ ಸುತ್ತಿಕೊಂಡಿದ್ದರು.

"ಇವರಿಗೆ ಯಾಕೆ ಬೂಟಿಲ್ಲ, ದೊಡ್ಡಪ್ಪ?" ಎಂದು ಕೇಳಿದ್ದೆ.

"ಬೂಟು ಹಾಕಿದ್ರೆ ಚೆಂಡು ಗೊತ್ತಾಗಲ್ವಂತೆ ಕಣೋ ಅವರಿಗೆ," ಎಂದಿದ್ದರು ದೊಡ್ಡಪ್ಪ.

ಆ ಮಾತಿನ ಅರ್ಥ ನನಗೆ ಆದದ್ದು ಬಹಳ ವರ್ಷಗಳ ನಂತರ, ಭಾರತ ತಂಡದ ಕತೆ ಓದಿದ ಮೇಲೆ. ಆ ಕತೆಯನ್ನು ಹೇಳುವವರು ಸಾಮಾನ್ಯವಾಗಿ ಕಲ್ಕತ್ತದಿಂದ ಶುರುಮಾಡಿ ಕಲ್ಕತ್ತದಲ್ಲೇ ಮುಗಿಸುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. 1911ರ ಜುಲೈ 29ರಂದು ಮೋಹನ್ ಬಾಗಾನ್ ತಂಡ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿ ಐ.ಎಫ್.ಎ. ಶೀಲ್ಡ್ ಗೆದ್ದದ್ದು ದೇಶದ ಆಟದ ಚರಿತ್ರೆಯಲ್ಲೇ ದೊಡ್ಡ ದಿನ. ಬೂಟಿನ ಸೈನಿಕರ ಎದುರು ಬಹುತೇಕ ಬರಿಗಾಲಿನಲ್ಲಿ ಆಡಿ ಗೆದ್ದ ಹನ್ನೊಂದು ಜನರನ್ನು ಬಂಗಾಳ ಇಂದಿಗೂ ಹೆಸರು ಹಿಡಿದು ನೆನೆಯುತ್ತದೆ. ಆದರೆ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ತಂಡದ ಗೋಲನ್ನು ಕಾದವರು ಯಾರು, ಎದುರಾಳಿಗಳ ಬಲೆಗೆ ಚೆಂಡು ಹೊಡೆದವರು ಯಾರು ಎಂದು ಕೇಳಿದರೆ ಉತ್ತರ ಮೈಸೂರು ಸಂಸ್ಥಾನದ ಕಡೆಗೆ ಬರುತ್ತದೆ. ನಮ್ಮಲ್ಲಿ ಎಷ್ಟು ಜನಕ್ಕೆ ಆ ಹೆಸರುಗಳು ಬಾಯಿಗೆ ಬರುತ್ತವೆ? ಈ ಲೇಖನ ಬರೆಯಲು ಒಪ್ಪಿದ್ದು ಅದೊಂದೇ ಕಾರಣಕ್ಕೆ.

ಬೆಂಗಳೂರಿಗೆ ಫುಟ್‌ಬಾಲ್ ತಂದದ್ದು ದಂಡು. ಕಂಟೋನ್ಮೆಂಟಿನ ಪರೇಡ್ ಮೈದಾನಗಳಲ್ಲಿ ಗೋರಾ ಸಿಪಾಯಿಗಳು ಸಂಜೆ ಆಡುವುದನ್ನು ಸುತ್ತಲಿನ ಬೀದಿಗಳ ಹುಡುಗರು ನಿಂತು ನೋಡಿದರು, ಚೆಂಡು ಆಚೆ ಬಂದಾಗ ಒದ್ದು ಕಳಿಸಿದರು, ಆಮೇಲೆ ತಾವೇ ಆಡಿದರು. ಹಲಸೂರು, ಗೌತಮಪುರ, ಆಸ್ಟಿನ್ ಟೌನ್, ಶಿವಾಜಿನಗರದ ಕಡೆಯ ಗಲ್ಲಿಗಳಲ್ಲಿ ಕನ್ನಡ, ತಮಿಳು, ಉರ್ದು, ತೆಲುಗು ಆಡುವ ಮನೆಗಳ ಮಕ್ಕಳು ಒಂದೇ ಚೆಂಡಿನ ಹಿಂದೆ ಓಡಿದರು. ಗೌತಮಪುರದಲ್ಲಿ ಇವತ್ತಿಗೂ ಪೆಲೆಯ ಪ್ರತಿಮೆಯಿದೆ. ದಕ್ಷಿಣ ಭಾರತದ ಒಂದು ಬಡ ಬಡಾವಣೆಯ ಜನ ಬ್ರೆಜಿಲಿನ ಆಟಗಾರನ ಪ್ರತಿಮೆ ನಿಲ್ಲಿಸಿಕೊಂಡಿದ್ದಾರೆಂದರೆ ಆ ಆಟ ಅವರ ಬದುಕಿನೊಳಗೆ ಎಷ್ಟು ಇಳಿದಿರಬೇಕು!

ಮುಂಬಯಿಯ ರೋವರ್ಸ್ ಕಪ್ 1891ರಲ್ಲಿ ಶುರುವಾದದ್ದು. ನಲವತ್ತಕ್ಕೂ ಹೆಚ್ಚು ವರ್ಷ ಅದನ್ನು ಬ್ರಿಟಿಷ್ ಸೈನ್ಯದ ತುಕಡಿಗಳೇ ತಮ್ಮೊಳಗೆ ಹಂಚಿಕೊಂಡಿದ್ದವು. ಆ ಸರಪಳಿಯನ್ನು ಮುರಿದದ್ದು ಕಲ್ಕತ್ತದ ತಂಡವಲ್ಲ, ನಮ್ಮ ಬೆಂಗಳೂರು ಮುಸ್ಲಿಮ್ಸ್. 1937ರಲ್ಲಿ ಆ ಕಪ್ ಗೆದ್ದ ಮೊದಲ ಭಾರತೀಯ ತಂಡ ಅದು. ಮರುವರ್ಷ, 1938ರಲ್ಲಿ, ಮತ್ತೆ ಗೆದ್ದು ಮೊದಲ ಗೆಲುವು ಅದೃಷ್ಟದ್ದಲ್ಲವೆಂದು ತೋರಿಸಿತು. ಅದೇ 1937ರಲ್ಲಿ ಸಿಮ್ಲಾದಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಹುಟ್ಟಿತು. 1938ರಲ್ಲಿ ಭಾರತದ ಹೆಸರಿನ ತಂಡವೊಂದು ಹಡಗು ಹತ್ತಿ ಆಸ್ಟ್ರೇಲಿಯಾಕ್ಕೆ ಹೋಗಿ ಆಡಿ ಬಂತು. ಅಲ್ಲಿನ ಜನ ಬರಿಗಾಲಿನ ಆಟಗಾರರನ್ನು ಕಂಡು ಬೆರಗಾದರು.

1941ರಲ್ಲಿ ಪ್ರಾಂತ್ಯಗಳ ನಡುವಿನ ಸಂತೋಷ್ ಟ್ರೋಫಿ ಆರಂಭವಾಯಿತು. 1946-47ರ ಸಾಲಿನ ಫೈನಲ್ ಬೆಂಗಳೂರಿನಲ್ಲಿ. ಮೊದಲ ಪಂದ್ಯ ಸಮವಾಗಿ, ಎರಡನೆಯದರಲ್ಲಿ ಮೈಸೂರು ತಂಡ ಬಂಗಾಳವನ್ನು ಮಣಿಸಿತು. ಈ ಗೆಲುವು ಒಂದು ಕಪ್ಪಿನಷ್ಟಕ್ಕೇ ನಿಲ್ಲಲಿಲ್ಲ. ಮರುವರ್ಷವೇ ಲಂಡನ್ ಒಲಿಂಪಿಕ್ಸಿಗೆ ತಂಡ ಕಟ್ಟುವ ಹೊತ್ತಿಗೆ ಆಯ್ಕೆದಾರರಿಗೆ ಮೈಸೂರಿನವರನ್ನು ಬಿಟ್ಟು ಮುಂದೆ ಹೋಗಲು ಆಗಲಿಲ್ಲ. ಗೋಲಿನಲ್ಲಿ ಕೆ.ವಿ. ವರದರಾಜ್. ಮುಂಪಡೆಯಲ್ಲಿ ಸಾರಂಗಪಾಣಿ ರಾಮನ್, ಅಹ್ಮದ್ ಖಾನ್, ಧನರಾಜ್. ಜೊತೆಗೆ ಬಷೀರ್, ವಜ್ರವೇಲು. ಎರಡನೇ ಗೋಲ್‌ಕೀಪರ್ ಆಗಿ ಮುಂಬಯಿ ಕಡೆಯಿಂದ ಹೋದವರು ಸಂಜೀವ ಉಚ್ಚಿಲ್, ಅವರ ಹೆಸರಿನಲ್ಲೇ ನಮ್ಮ ಕರಾವಳಿಯ ಊರೊಂದಿದೆ. ನಾಯಕ ನಾಗಾ ಬೆಟ್ಟಗಳಿಂದ ಬಂದ ವೈದ್ಯಕೀಯ ವಿದ್ಯಾರ್ಥಿ ತಾಲಿಮೆರೆನ್ ಆವೊ. ಸ್ವಾತಂತ್ರ್ಯ ಬಂದು ವರ್ಷ ತುಂಬುವ ಮೊದಲು, ಬೇರೆ ಬೇರೆ ಭಾಷೆಯ ಈ ಹುಡುಗರೇ ದೇಶವೆಂದು ಲಂಡನ್ನಿಗೆ ಹೋದರು.

1948ರ ಜುಲೈ 31. ಲಂಡನ್ನಿನ ಹೊರವಲಯದ ಇಲ್ಫರ್ಡಿನ ಕ್ರಿಕಲ್‌ಫೀಲ್ಡ್ ಮೈದಾನ. ಎದುರಾಳಿ ಫ್ರಾನ್ಸ್. ನಮ್ಮವರಲ್ಲಿ ಬಹುಪಾಲು ಜನ ಬರಿಗಾಲಿನಲ್ಲಿ, ಕೆಲವರು ಪಟ್ಟಿ ಸುತ್ತಿಕೊಂಡು ಇಳಿದಿದ್ದರು. ನೋಡಲು ಬಂದವರಿಗೆ ಮೊದಲು ಕುತೂಹಲ, ಆಮೇಲೆ ಮೆಚ್ಚುಗೆ. ನೀವು ಆಡುವುದು ಬೂಟ್‌ಬಾಲ್, ನಾವು ಆಡುವುದು ಫುಟ್‌ಬಾಲ್ ಎಂದು ಆವೊ ಅವರು ಪತ್ರಕರ್ತರಿಗೆ ಹೇಳಿದರೆಂಬ ಮಾತು ಆ ದಿನಗಳದ್ದೇ. ಮೊದಲ ಅರ್ಧದಲ್ಲಿ ಫ್ರಾನ್ಸ್ ಗೋಲು ಹೊಡೆಯಿತು. ನಮಗೆ ಎರಡು ಪೆನಾಲ್ಟಿ ಸಿಕ್ಕವು, ಎರಡೂ ಕೈತಪ್ಪಿದವು. ಒಂದನ್ನು ಹೊಡೆದವರು ಶೈಲೇನ್ ಮನ್ನಾ, ಇನ್ನೊಂದನ್ನು ಮಹಾವೀರ ಪ್ರಸಾದ್. 70ನೇ ನಿಮಿಷದಲ್ಲಿ ನಮ್ಮ ರಾಮನ್ ಗೋಲು ಹೊಡೆದು 1-1 ಮಾಡಿದರು. ಸ್ವತಂತ್ರ ಭಾರತ ಫುಟ್‌ಬಾಲಿನಲ್ಲಿ ಹೊಡೆದ ಮೊದಲ ಅಂತರರಾಷ್ಟ್ರೀಯ ಗೋಲು ಅದು. ಪಂದ್ಯ ಮುಗಿಯಲು ಒಂದು ನಿಮಿಷವಿರುವಾಗ ಫ್ರಾನ್ಸ್ ಇನ್ನೊಂದು ಹೊಡೆದು ಗೆದ್ದಿತು.

ಈ ಸೋಲನ್ನು ನಾನು ಅನೇಕ ಸಲ ಮನಸ್ಸಿನಲ್ಲೇ ಆಡಿ ನೋಡಿದ್ದೇನೆ. ಎರಡು ಪೆನಾಲ್ಟಿಗಳಲ್ಲಿ ಒಂದು ಒಳಗೆ ಹೋಗಿದ್ದರೂ ಕತೆ ಬೇರೆಯಾಗುತ್ತಿತ್ತು. ಆದರೆ ರಾಮನ್ ಅವರ ಆ ಗೋಲು ನಮ್ಮ ಶಾಲೆಯ ಯಾವ ಪಾಠದಲ್ಲೂ ಇರಲಿಲ್ಲ ಎಂಬುದು ಆ ಸೋಲಿಗಿಂತ ಹೆಚ್ಚು ನೋಯಿಸುತ್ತದೆ.

ಬರಿಗಾಲಿನ ಆಟವೆಂದರೆ ಏನು ಎಂಬುದು ಶಿವಮೊಗ್ಗದ ಆಲ್ಕೊಳದಲ್ಲಿ ಬೆಳೆದ ನನ್ನ ವಯಸ್ಸಿನವರಿಗೆ ಹೇಳಿಕೊಡಬೇಕಾಗಿಲ್ಲ. ಇವತ್ತು ಸಾಗರ ರಸ್ತೆಯ ಎರಡೂ ಬದಿಗೆ ಮನೆ, ಅಂಗಡಿ, ಲೇಔಟು. ಆಗ ಊರಿನ ಸುತ್ತ ಗದ್ದೆ. ಸುಗ್ಗಿ ಮುಗಿದು ಹುಲ್ಲು ಕಣಕ್ಕೆ ಹೋದ ಮೇಲೆ ಗದ್ದೆಯೇ ನಮ್ಮ ಮೈದಾನ. ಹವಾಯಿ ಚಪ್ಪಲಿಗಳೇ ಗೋಲು ಕಂಬ. ಭತ್ತದ ಕೂಳೆ ಒಣಗಿ ಮುಳ್ಳಿನಂತೆ ನಿಂತಿರುತ್ತಿತ್ತು. ಮೊದಲ ವಾರ ಅಂಗಾಲು ಸೀಳಿ ರಕ್ತ ಬರುತ್ತಿತ್ತು, ಅವ್ವ ಅರಿಸಿನ ಹಚ್ಚಿ ಬೈಯುತ್ತಿದ್ದಳು. ಎರಡನೇ ವಾರಕ್ಕೆ ಕೂಳೆ ತುಳಿತಕ್ಕೆ ಮಲಗುತ್ತಿತ್ತು, ಅಷ್ಟರಲ್ಲಿ ನಮ್ಮ ಅಂಗಾಲೂ ಗಟ್ಟಿಯಾಗುತ್ತಿತ್ತು. ಚೆಂಡು ದೊಡ್ಡಪ್ಪ ಭದ್ರಾವತಿಯಿಂದ ತಂದುಕೊಟ್ಟ ಹಳೆಯ ತೊಗಲಿನದು. ಒಳಗೆ ರಬ್ಬರಿನ ಬ್ಲಾಡರು, ಬಾಯಿಗೆ ಚರ್ಮದ ಲೇಸು. ಸೈಕಲ್ ಪಂಪಿನಿಂದ ಗಾಳಿ ಹೊಡೆದು, ಬ್ಲಾಡರಿನ ಬಾಲವನ್ನು ದಾರದಿಂದ ಬಿಗಿದು ಒಳಗೆ ತುರುಕಿ, ಲೇಸು ಎಳೆದು ಕಟ್ಟುವುದೇ ಒಂದು ವಿದ್ಯೆ. ಗಂಟು ಉಬ್ಬಿ ನಿಂತರೆ ಹೆಡ್ ಮಾಡಿದವನ ಹಣೆಯ ಮೇಲೆ ಅದರ ಗುರುತು ಮೂಡುತ್ತಿತ್ತು. ಮಳೆ ಹನಿದರೆ ತೊಗಲು ನೀರು ಕುಡಿದು ಹಲಸಿನ ಹಣ್ಣಿನಷ್ಟು ಭಾರ. ಆದರೂ ಬರಿಗಾಲಿನ ಹೆಬ್ಬೆರಳಿನ ಪಕ್ಕಕ್ಕೆ ಚೆಂಡು ತಾಗಿದಾಗ ಅದು ಎತ್ತ ಹೋಗುತ್ತದೆಂದು ಕಾಲಿಗೇ ತಿಳಿಯುತ್ತಿತ್ತು. ದೊಡ್ಡಪ್ಪ ಹೇಳಿದ್ದ 'ಚೆಂಡು ಗೊತ್ತಾಗುವುದು' ಅಂದರೆ ಅದು.

ಹಾಗೆ ಚೆಂಡು ಗೊತ್ತಿದ್ದವರಲ್ಲಿ ದೊಡ್ಡವರು ಅಹ್ಮದ್ ಖಾನ್. 1926ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹುಟ್ಟಿದರು. ತಂದೆಯೂ ಅಣ್ಣತಮ್ಮಂದಿರೂ ಆಟಗಾರರು, ಮನೆಯೇ ಒಂದು ತಂಡವಿದ್ದಂತೆ. ಎದುರಾಳಿಯ ಕಾಲಡಿಯಿಂದ ಚೆಂಡನ್ನು ಸುತ್ತಿ ಬಳಸಿ ತೆಗೆದುಕೊಂಡು ಹೋಗುವ ಅವರ ಚಳಕ ಕಂಡವರು ಹಾವಾಡಿಗ ಎಂದು ಕರೆದರು. ಅವರು ಕಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬು ಸೇರಿದರು. ಅಲ್ಲಿ ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೇಹ್ ಈ ಐವರ ಮುಂಪಡೆಗೆ ಜನ ಪಂಚಪಾಂಡವರು ಎಂದು ಹೆಸರಿಟ್ಟರು. ಐವರಲ್ಲಿ ಧನರಾಜ್ ಮತ್ತು ಅಹ್ಮದ್ ಖಾನ್ ನಮ್ಮ ಕಡೆಯವರು. ಈ ಐವರಿದ್ದಾಗ ಈಸ್ಟ್ ಬೆಂಗಾಲ್ 1949, 1950, 1951 ಮೂರೂ ವರ್ಷ ಸತತವಾಗಿ ಐ.ಎಫ್.ಎ. ಶೀಲ್ಡ್ ಗೆದ್ದಿತು. ದೇಶ ಇಬ್ಭಾಗವಾಗಿ ಪೂರ್ವ ಬಂಗಾಳದಿಂದ ಎಲ್ಲವನ್ನೂ ಬಿಟ್ಟು ಬಂದ ಸಾವಿರಾರು ನಿರಾಶ್ರಿತರಿಗೆ ಆ ಕ್ಲಬ್ಬು ಉಳಿದ ಒಂದೇ ಹೆಮ್ಮೆಯಾಗಿತ್ತು. ಆ ಹೆಮ್ಮೆಯನ್ನು ಕಾಲಿನಲ್ಲಿ ಹೊತ್ತು ಓಡಿದವರಲ್ಲಿ ಬೆಂಗಳೂರಿನ ಇಬ್ಬರಿದ್ದರು.

1950ರ ವಿಶ್ವಕಪ್ಪಿನ ವಿಷಯವನ್ನು ಇಲ್ಲಿ ಹೇಳಲೇಬೇಕು. ಅರ್ಹತಾ ಗುಂಪಿನಲ್ಲಿದ್ದ ಬೇರೆ ದೇಶಗಳು ಹಿಂದೆ ಸರಿದದ್ದರಿಂದ ಬ್ರೆಜಿಲಿಗೆ ಹೋಗುವ ಅವಕಾಶ ಭಾರತಕ್ಕೆ ಆಡದೆಯೇ ಬಂತು. ಸ್ವೀಡನ್, ಇಟಲಿ, ಪರಾಗ್ವೆ ಇದ್ದ ಗುಂಪಿನಲ್ಲಿ ನಮ್ಮ ಹೆಸರೂ ಸೇರಿತ್ತು. ನಮ್ಮವರು ಹೋಗಲಿಲ್ಲ. ಬರಿಗಾಲಿನಲ್ಲಿ ಆಡಲು ಬಿಡಲಿಲ್ಲವೆಂದು ಹೋಗಲಿಲ್ಲ ಎಂಬ ಕತೆ ಊರೂರಿನಲ್ಲಿ ಹಬ್ಬಿದೆ, ಶಿವಮೊಗ್ಗದ ಹೋಟೆಲುಗಳಲ್ಲೂ ಅದನ್ನು ನಾನು ಕೇಳಿದ್ದೇನೆ. ಆದರೆ ಅಸಲು ಕಾರಣ ಅದಲ್ಲ. ಪಯಣದ ಖರ್ಚಿನ ದೊಡ್ಡ ಪಾಲು ಕೊಡಲು ಬ್ರೆಜಿಲ್ ಸಿದ್ಧವಿದ್ದರೂ ಫೆಡರೇಷನ್ನು ದೂರದ ಪ್ರಯಾಣ, ಅಭ್ಯಾಸದ ಸಮಯ, ಆಯ್ಕೆಯ ಗೊಂದಲ ಎಂದು ಹಿಂದೇಟು ಹಾಕಿತು. ಒಲಿಂಪಿಕ್ಸಿನ ಮುಂದೆ ವಿಶ್ವಕಪ್ ಏನು ಮಹಾ ಎಂಬ ಭಾವನೆ ಅಂದಿನ ಪದಾಧಿಕಾರಿಗಳಲ್ಲಿತ್ತು. ತಪ್ಪನ್ನು ಆಟಗಾರರ ಕಾಲಿನ ಮೇಲೆ ಹೊರಿಸುವುದು ಅನ್ಯಾಯ. ಅಹ್ಮದ್ ಖಾನ್, ರಾಮನ್, ಧನರಾಜ್ ಇವರೆಲ್ಲ ಒಳ್ಳೆಯ ವಯಸ್ಸಿನಲ್ಲಿದ್ದ ಕಾಲವದು. ಆಮೇಲೆ ಆ ಬಾಗಿಲು ಮತ್ತೆ ತೆರೆದಿಲ್ಲ.

1951ರಲ್ಲಿ ದೆಹಲಿಯಲ್ಲಿ ಮೊದಲ ಏಷ್ಯನ್ ಕ್ರೀಡಾಕೂಟ ನಡೆಯಿತು. ಫೈನಲಿನಲ್ಲಿ ಮೇವಾಲಾಲ್ ಹೊಡೆದ ಒಂದೇ ಗೋಲಿನಿಂದ ಇರಾನನ್ನು ಸೋಲಿಸಿ ಭಾರತ ಚಿನ್ನ ಗೆದ್ದಿತು. ಅಹ್ಮದ್ ಖಾನ್ ಆ ತಂಡದಲ್ಲಿದ್ದರು. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸಿಗೆ ಹೋದವರಲ್ಲಿ ಅವರೊಂದಿಗೆ ಬೆಂಗಳೂರಿನ ಷಣ್ಮುಗಂ ಕೂಡ ಇದ್ದರು. ಉತ್ತರದ ಆ ಚಳಿಯಲ್ಲಿ, ಒದ್ದೆ ಹುಲ್ಲಿನ ಮೇಲೆ, ಯುಗೊಸ್ಲಾವಿಯದಂಥ ತಂಡದೆದುರು ಬರಿಗಾಲು ನಡೆಯಲಿಲ್ಲ. 10-1. ಆ ಒಂದು ಗೋಲು ಅಹ್ಮದ್ ಖಾನರದು, ಪಂದ್ಯದ ಕಡೆಯ ಗಳಿಗೆಯಲ್ಲಿ. ಹತ್ತು ಗೋಲು ತಿಂದ ಮೇಲೂ ಹನ್ನೊಂದನೆಯದನ್ನು ತಾನು ಹೊಡೆಯಬೇಕೆಂದು ಓಡಿದವನ ಮನಸ್ಸು ಎಂಥದ್ದಿರಬೇಕು. ಆ ಸೋಲಿನ ನಂತರ ಫೆಡರೇಷನ್ನು ಬೂಟನ್ನು ಕಡ್ಡಾಯ ಮಾಡಿತು. ಒಂದು ಯುಗ ಅಲ್ಲಿಗೆ ಮುಗಿಯಿತು. ಅಹ್ಮದ್ ಖಾನ್ ತಮ್ಮ ಕಡೆಯ ದಿನಗಳನ್ನು ಬೆಂಗಳೂರಿನಲ್ಲೇ ಕಳೆದು 2017ರ ಆಗಸ್ಟಿನಲ್ಲಿ ತೀರಿಕೊಂಡರು. 1948ರಲ್ಲೂ 1952ರಲ್ಲೂ ಒಲಿಂಪಿಕ್ಸ್ ಆಡಿದ ಕನ್ನಡ ನೆಲದ ಮನುಷ್ಯ ಅಷ್ಟು ವರ್ಷ ನಮ್ಮ ನಡುವೆಯೇ ಇದ್ದರು.

ಬೂಟು ಹಾಕಿದ ಭಾರತವನ್ನು ಕಟ್ಟಿದವರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ. ವೃತ್ತಿಯಿಂದ ಮೇಷ್ಟ್ರು. ಮೇಷ್ಟ್ರ ಶಿಸ್ತನ್ನೇ ಅವರು ಮೈದಾನಕ್ಕೆ ತಂದರು. 1956ರ ಮೆಲ್ಬರ್ನ್ ಒಲಿಂಪಿಕ್ಸಿಗೆ ಅವರು ಕರೆದೊಯ್ದ ತಂಡದ ನಡುಪಡೆಯಲ್ಲಿ ಬೆಂಗಳೂರಿನ ಎಂ. ಕೆಂಪಯ್ಯ ಇದ್ದರು. ಹಂಗೆರಿ ಬಾರದೆ ಹೋದದ್ದರಿಂದ ಭಾರತ ಮೊದಲ ಸುತ್ತು ದಾಟಿತು. ಎರಡನೆಯದರಲ್ಲಿ ಆತಿಥೇಯ ಆಸ್ಟ್ರೇಲಿಯಾವನ್ನು ಅವರದೇ ನೆಲದಲ್ಲಿ 4-2ರಿಂದ ಸೋಲಿಸಿದರು. ಮುಂಬಯಿಯ ನೆವಿಲ್ ಡಿಸೋಜಾ ಮೂರು ಗೋಲು ಹೊಡೆದರು. ಒಲಿಂಪಿಕ್ ಫುಟ್‌ಬಾಲಿನಲ್ಲಿ ಏಷ್ಯಾದವನೊಬ್ಬ ಹೊಡೆದ ಮೊದಲ ಹ್ಯಾಟ್ರಿಕ್ ಅದು. ಸೆಮಿಫೈನಲಿನಲ್ಲಿ ಯುಗೊಸ್ಲಾವಿಯ ಮತ್ತೆ ಎದುರಾಯಿತು. ಈ ಸಲ 4-1. ನಾಲ್ಕು ವರ್ಷದಲ್ಲಿ 10-1 ಎಂಬುದು 4-1ಕ್ಕೆ ಇಳಿದದ್ದನ್ನು ನಾನು ಸೋಲೆಂದು ಕರೆಯಲಾರೆ. ಕಂಚಿನ ಪಂದ್ಯದಲ್ಲಿ ಬಲ್ಗೇರಿಯಕ್ಕೆ ಸೋತು ನಾಲ್ಕನೇ ಸ್ಥಾನ.

ಕೆಂಪಯ್ಯ ಹಾಫ್‌ಬ್ಯಾಕ್. ಗೋಲು ಹೊಡೆದವರ ಹೆಸರು ಪತ್ರಿಕೆಯಲ್ಲಿ ಬರುತ್ತದೆ, ತಡೆದವರ ಹೆಸರೂ ಆಗಾಗ ಬರುತ್ತದೆ. ನಡುವೆ ನಿಂತು ಹಿಂದಿನಿಂದ ಚೆಂಡು ಪಡೆದು ಮುಂದಕ್ಕೆ ದಾಟಿಸುವವನ ಹೆಸರು ಬರುವುದು ಕಡಿಮೆ. ಆ ಸ್ಥಾನದಲ್ಲಿ ಎರಡು ಒಲಿಂಪಿಕ್ಸ್, 1956 ಮತ್ತು 1960ರ ರೋಮ್, ದೇಶಕ್ಕಾಗಿ ಹೋದವರು ಕೆಂಪಯ್ಯ. ರೋಮಿನಲ್ಲಿ ಪಿ.ಕೆ. ಬ್ಯಾನರ್ಜಿ ನಾಯಕತ್ವದ ತಂಡ ಫ್ರಾನ್ಸಿನೊಡನೆ 1-1 ಸಮ ಮಾಡಿಕೊಂಡಿತು, ಹಂಗೆರಿಗೆ 2-1ರಿಂದ ಸೋತಿತು. ಭಾರತ ಫುಟ್‌ಬಾಲ್ ತಂಡ ಒಲಿಂಪಿಕ್ಸ್ ಆಡಿದ್ದು ಅದೇ ಕೊನೆ.

1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಚಿನ್ನ ರಹೀಂ ಅವರ ಕಡೆಯ ಕೊಡುಗೆ. ಭಾರತದ ವಿರುದ್ಧ ಕೆರಳಿದ್ದ ಜನಸ್ತೋಮದ ನಡುವೆ ದಕ್ಷಿಣ ಕೊರಿಯವನ್ನು 2-1ರಿಂದ ಗೆದ್ದರು. ಕ್ಯಾನ್ಸರಿನಿಂದ ನರಳುತ್ತಿದ್ದ ರಹೀಂ ಮರುವರ್ಷ ಜೂನಿನಲ್ಲಿ ತೀರಿಕೊಂಡರು. 1964ರ ಏಷ್ಯಾ ಕಪ್ಪಿನಲ್ಲಿ ಎರಡನೇ ಸ್ಥಾನ, 1970ರ ಬ್ಯಾಂಕಾಕ್ ಏಷ್ಯನ್ ಕೂಟದಲ್ಲಿ ಕಂಚು. ಅಲ್ಲಿಂದ ಮುಂದೆ ಇಳಿಜಾರು. ಅದರ ವಿವರ ಬರೆಯಲು ಕೈ ಓಡುವುದಿಲ್ಲ.

ಆದರೆ ದೇಶದ ತಂಡ ಇಳಿಯತೊಡಗಿದ ಅದೇ ಹೊತ್ತಿಗೆ ನಮ್ಮ ರಾಜ್ಯ ತಂಡ ಏರಿತ್ತು. 1952-53ರಲ್ಲಿ ಎರಡನೇ ಸಲ ಸಂತೋಷ್ ಟ್ರೋಫಿ ಗೆದ್ದಿದ್ದ ಮೈಸೂರು, 1967-68 ಮತ್ತು 1968-69ರಲ್ಲಿ ಬೆನ್ನುಬೆನ್ನಿಗೆ ಗೆದ್ದಿತು. ಈ ನಾಲ್ಕರಲ್ಲಿ ಮೂರು ಸಲ ಫೈನಲಿನಲ್ಲಿ ಎದುರಿದ್ದದ್ದು ಬಂಗಾಳವೇ. ಆಗಿನ ಬಲದ ಗುಟ್ಟು ಕಾರ್ಖಾನೆಗಳಲ್ಲಿತ್ತು. ಬೆಂಗಳೂರಿನಲ್ಲಿ ಎಚ್.ಎ.ಎಲ್., ಐ.ಟಿ.ಐ.ಯಂಥ ಸಾರ್ವಜನಿಕ ಉದ್ದಿಮೆಗಳು ಆಟಗಾರನಿಗೆ ಕೆಲಸ ಕೊಡುತ್ತಿದ್ದವು. ಬೆಳಗ್ಗೆ ಅಭ್ಯಾಸ, ಆಮೇಲೆ ಡ್ಯೂಟಿ, ಸಂಜೆ ಲೀಗ್ ಪಂದ್ಯ. ಕಾಲು ಮುರಿದರೂ ಸಂಬಳ ನಿಲ್ಲುವುದಿಲ್ಲ, ವಯಸ್ಸಾದರೆ ಪಿಂಚಣಿಯಿದೆ ಎಂಬ ಭರವಸೆ ಒಬ್ಬ ಹುಡುಗನ ಅಪ್ಪ ಅಮ್ಮನಿಗೆ ಬೇಕಾಗಿತ್ತು. ಆಟ ಆಡಿ ಹಾಳಾಗಬೇಡ ಎನ್ನುತ್ತಿದ್ದ ಮನೆಗಳೇ ಆಟ ಆಡಿ ಕೆಲಸ ಹಿಡಿ ಎನ್ನತೊಡಗಿದ್ದವು. ನನ್ನ ತಿಳಿವಳಿಕೆಯಲ್ಲಿ ಈ ರಾಜ್ಯದ ಫುಟ್‌ಬಾಲನ್ನು ಬೆಳೆಸಿದ್ದು ಬೀದಿಯ ಕ್ಲಬ್ಬು ಮತ್ತು ಕಾರ್ಖಾನೆಯ ಹಾಜರಿ ಪುಸ್ತಕ, ಇವೆರಡೇ.

ಭದ್ರಾವತಿಯನ್ನು ನಾನು ಆ ಸಾಲಿನಲ್ಲಿಟ್ಟೇ ನೋಡುವುದು. 1923ರಲ್ಲಿ ಕಬ್ಬಿಣದ ಕುಲುಮೆ ಹೊತ್ತಿಕೊಂಡಾಗ ವಿಶ್ವೇಶ್ವರಯ್ಯನವರು ಅದರ ಮೇಲ್ವಿಚಾರಣೆ ವಹಿಸಿದ್ದರು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ತಮಿಳು, ತೆಲುಗು, ಮಲಯಾಳ, ಉರ್ದು, ಕನ್ನಡ ಎಲ್ಲ ಭಾಷೆಯ ಕಾರ್ಮಿಕರು ಬಂದು ನೆಲೆಸಿದರು. ಸಾಲು ಮನೆಗಳು, ಆಸ್ಪತ್ರೆ, ಶಾಲೆ, ಅವುಗಳ ಜೊತೆಗೆ ಮೈದಾನ. ಪಾಳಿಯ ಸೈರನ್ನು ಕೂಗಿದ ಮೇಲೆ ಮಸಿ ಮೆತ್ತಿದ ಕೈಗಳನ್ನು ತೊಳೆದುಕೊಂಡು ಬಂದವರು ಅಲ್ಲಿ ಆಡುತ್ತಿದ್ದರು. ಮೊದಲ ಪಾಳಿಯವರ ಎದುರು ಸಾಮಾನ್ಯ ಪಾಳಿಯವರು, ಒಂದು ಶಾಪಿನ ಎದುರು ಇನ್ನೊಂದು ಶಾಪು. ಸೈಕಲುಗಳನ್ನು ಗೆರೆಯುದ್ದಕ್ಕೂ ನಿಲ್ಲಿಸಿ, ಕ್ಯಾರಿಯರಿನ ಮೇಲೆ ಮಕ್ಕಳನ್ನು ಕೂರಿಸಿ ನೋಡುತ್ತಿದ್ದರು. ಆ ಕ್ಯಾರಿಯರುಗಳಲ್ಲಿ ಒಂದರ ಮೇಲೆ ನಾನಿದ್ದೆ. ಅದೇ ಊರು 1949ರಲ್ಲಿ ಗುಂಡಪ್ಪ ವಿಶ್ವನಾಥರನ್ನು ಕೊಟ್ಟಿತು, ಕ್ರಿಕೆಟ್ ಜಗತ್ತಿಗೆ ಭದ್ರಾವತಿಯ ಹೆಸರು ತಿಳಿಯಿತು. ಅದು ನಮಗೆಲ್ಲ ಹೆಮ್ಮೆ. ಕಾರ್ಖಾನೆಯ ಸೈರನ್ನು ಕೇಳಿ ಆಡಿದ ಫುಟ್‌ಬಾಲಿನವರಿಗೆ ಅಂಥ ಒಬ್ಬ ಹೆಸರು ಸಿಕ್ಕಿರಲಿಲ್ಲ, ಅಷ್ಟೇ.

ಕಾಗದ ಕಾರ್ಖಾನೆ ನಿಂತುಹೋಗಿದೆ. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವುದಾಗಿ 2023ರ ಆರಂಭದಲ್ಲಿ ಘೋಷಣೆಯಾದಾಗ ಕಾರ್ಮಿಕರು ಬೀದಿಗಿಳಿದರು. ಊರು ಬಂದ್ ಆಚರಿಸಿತು. ಕಾರ್ಖಾನೆ ಬಡವಾದರೆ ಮೊದಲು ಸೊರಗುವುದು ಮೈದಾನ. ಆಮೇಲೆ ತಂಡ. ಬೆಂಗಳೂರಿನಲ್ಲೂ ಇದೇ ಆಯಿತು. ಎಚ್.ಎ.ಎಲ್. ತಂಡ 2010ರಿಂದ 2012ರವರೆಗೆ ಐ-ಲೀಗಿನ ಮೇಲ್ದರ್ಜೆಯಲ್ಲಿ ಹಣವುಳ್ಳ ಕ್ಲಬ್ಬುಗಳ ಎದುರು ತನ್ನ ನೌಕರರನ್ನೇ ಇಟ್ಟುಕೊಂಡು ಆಡಿ, ಸೋತು, ಕೆಳಗಿಳಿಯಿತು. ಆ ಎರಡು ವರ್ಷ ಅವರು ಉಳಿದದ್ದೇ ದೊಡ್ಡದು.

ಈ ನಡುವೆ ಕಾರ್ಲ್‌ಟನ್ ಚಾಪ್‌ಮನ್ ಬಂದರು. 1971ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ ಕಲಿತು, 1993ರಲ್ಲಿ ಈಸ್ಟ್ ಬೆಂಗಾಲ್ ಸೇರಿದರು. ಅದೇ ವರ್ಷ ಏಷ್ಯಾದ ಕಪ್ ವಿಜೇತರ ಪಂದ್ಯಾವಳಿಯಲ್ಲಿ ಇರಾಕಿನ ಅಲ್ ಜವ್ರಾ ತಂಡವನ್ನು 6-2ರಿಂದ ಸೋಲಿಸಿದಾಗ ಮೂರು ಗೋಲು ಚಾಪ್‌ಮನ್ನರದೇ. ಜೆ.ಸಿ.ಟಿ. ಮೊದಲ ರಾಷ್ಟ್ರೀಯ ಲೀಗ್ ಗೆದ್ದಾಗ ಆ ತಂಡದಲ್ಲಿ ಅವರಿದ್ದರು. 1997ರಲ್ಲಿ ಭಾರತ ತಂಡ ಸ್ಯಾಫ್ ಕಪ್ ಗೆದ್ದಾಗ ಅವರೇ ನಾಯಕ. ವರದರಾಜ್ ಗೋಲು ಕಾದ ಅರ್ಧ ಶತಮಾನದ ನಂತರ ಬೆಂಗಳೂರಿನವನೊಬ್ಬ ದೇಶದ ನಾಯಕನ ಪಟ್ಟಿಯನ್ನು ತೋಳಿಗೆ ಕಟ್ಟಿದ್ದ. ಆಟ ನಿಲ್ಲಿಸಿದ ಮೇಲೆ ಎಳೆಯರಿಗೆ ಕಲಿಸುತ್ತಿದ್ದರು. 2020ರ ಅಕ್ಟೋಬರ್ 12ರಂದು, ಐವತ್ತು ತುಂಬುವ ಮೊದಲೇ, ಬೆಂಗಳೂರಿನಲ್ಲಿ ತೀರಿಕೊಂಡರು. ಕೊರೊನಾ ಕಾಲದ ಸುದ್ದಿಗಳ ರಾಶಿಯಲ್ಲಿ ಆ ಸುದ್ದಿ ಸಣ್ಣದಾಗಿ ಬಂದು ಹೋಯಿತು.

2013ರಲ್ಲಿ ಬೆಂಗಳೂರು ಎಫ್.ಸಿ. ಹುಟ್ಟಿದ ಮೇಲೆ ಆಟಕ್ಕೆ ಹೊಸ ಜೀವ ಬಂದದ್ದು ನಿಜ. ಮೊದಲ ವರ್ಷವೇ ಐ-ಲೀಗ್ ಗೆದ್ದರು, 2016ರಲ್ಲಿ ಎ.ಎಫ್.ಸಿ. ಕಪ್ಪಿನ ಫೈನಲಿಗೆ ಹೋದ ಮೊದಲ ಭಾರತೀಯ ಕ್ಲಬ್ಬಾದರು. ಸುನಿಲ್ ಛೆಟ್ರಿ ಕಂಠೀರವವನ್ನು ಮನೆಯಂಗಳ ಮಾಡಿಕೊಂಡರು. 2023ರ ಜೂನ್ 21ರ ಸಂಜೆ ಮಳೆಯಲ್ಲಿ ಪಾಕಿಸ್ತಾನದ ಎದುರು ಅವರು ಮೂರು ಗೋಲು ಹೊಡೆದಾಗ, ಜುಲೈ 4ರಂದು ಕುವೈತಿನೊಡನೆ 1-1 ಆಗಿ ಪೆನಾಲ್ಟಿಗಳಲ್ಲಿ 5-4ರಿಂದ ಭಾರತ ಸ್ಯಾಫ್ ಚಾಂಪಿಯನ್ ಆದಾಗ, ಇಡೀ ಕ್ರೀಡಾಂಗಣ ಒಂದೇ ದನಿಯಲ್ಲಿ ವಂದೇ ಮಾತರಂ ಹಾಡಿತು. ಟಿ.ವಿ. ಮುಂದೆ ಕೂತಿದ್ದ ನನಗೆ ಕಣ್ಣು ತುಂಬಿತು. ಆದರೂ ಆ ಹನ್ನೊಂದು ಜನರಲ್ಲಿ ನಮ್ಮ ಮೈದಾನಗಳಿಂದ ಹೋದವರು ಎಷ್ಟು ಎಂದು ಹುಡುಕಿದ ಕಣ್ಣೂ ಅದೇ. 1948ರಲ್ಲಿ ಹಾಗೆ ಹುಡುಕಬೇಕಾಗಿರಲಿಲ್ಲ.

ಅದೇ 2023ರ ಮಾರ್ಚ್ 4ರಂದು ಇನ್ನೊಂದು ಸಂಗತಿ ನಡೆದಿತ್ತು. ಸಂತೋಷ್ ಟ್ರೋಫಿಯ ಫೈನಲ್ ಮೊದಲ ಸಲ ದೇಶದ ಹೊರಗೆ, ಸೌದಿ ಅರೇಬಿಯದ ರಿಯಾದಿನಲ್ಲಿ ನಡೆಯಿತು. ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿತು. ಮೈಸೂರು ಎಂಬ ಹೆಸರಿನಲ್ಲಿ ನಾಲ್ಕು ಸಲ ಗೆದ್ದ ಕಪ್ಪು, 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ ಮೇಲೆ ಮೊದಲ ಬಾರಿಗೆ ಬಂತು, 54 ವರ್ಷಗಳ ನಂತರ. ಆ ಗೆಲುವು ಎಷ್ಟು ಮನೆಗಳಿಗೆ ತಲುಪಿತು? ಮರುದಿನ ನಮ್ಮ ರಸ್ತೆಯ ಟೀ ಅಂಗಡಿಯಲ್ಲಿ ಪತ್ರಿಕೆ ಹಿಡಿದು ಓದಿ ಹೇಳಿದೆ. ಇಬ್ಬರು ಹುಡುಗರು ಬಂದು ಪತ್ರಿಕೆ ಈಸಿಕೊಂಡು ನೋಡಿದರು. ಈ ಸಂಚಿಕೆಗೆ ಬರೆಯಿರಿ ಎಂದು ಬಂದವರಲ್ಲಿ ಆ ಇಬ್ಬರೂ ಇದ್ದಾರೆ.

ದೊಡ್ಡಪ್ಪ ತೀರಿಕೊಂಡ ಮೇಲೆ ಕ್ವಾರ್ಟರ್ಸ್ ಖಾಲಿ ಮಾಡುವಾಗ ಆ ಫೋಟೊ ನನ್ನ ಪಾಲಿಗೆ ಬಂತು. ಚೌಕಟ್ಟು ಬಿಚ್ಚಿ ಹಿಂದೆ ತಿರುಗಿಸಿ ನೋಡಿದೆ. ಸ್ಟುಡಿಯೋದ ಮುದ್ರೆ ಬಿಟ್ಟರೆ ಏನೂ ಇರಲಿಲ್ಲ. ಹನ್ನೊಂದು ಜನರಲ್ಲಿ ದೊಡ್ಡಪ್ಪ ಬಾಯಲ್ಲಿ ಹೇಳಿದ್ದ ನಾಲ್ವರ ಹೆಸರು ನನಗೆ ನೆನಪಿದೆ. ಬರಿಗಾಲಿನ ಆ ಇಬ್ಬರು ಆ ನಾಲ್ವರಲ್ಲಿಲ್ಲ.

ಭದ್ರಾವತಿಯ ಹಳೆಯ ಕ್ವಾರ್ಟರ್ಸುಗಳಲ್ಲಿ, ನ್ಯೂಟೌನಿನಲ್ಲಿ, ಕಾಗದನಗರದಲ್ಲಿ, ಶಿವಮೊಗ್ಗದ ಮನೆಗಳ ಟ್ರಂಕುಗಳಲ್ಲಿ ಇಂಥ ಫೋಟೊಗಳು, ಸರ್ಟಿಫಿಕೇಟುಗಳು, ಪತ್ರಿಕೆಯ ತುಣುಕುಗಳು ಇನ್ನೂ ಇವೆ. ಓದುಗರಲ್ಲಿ ನನ್ನ ಬೇಡಿಕೆ ಒಂದೇ. ನಿಮ್ಮ ಮನೆಯಲ್ಲಿ ಅಂಥದ್ದಿದ್ದರೆ, ಅದರಲ್ಲಿರುವವರನ್ನು ಗುರುತಿಸಬಲ್ಲ ಹಿರಿಯರು ಇನ್ನೂ ಇರುವಾಗಲೇ, ಅವರ ಪಕ್ಕದಲ್ಲಿ ಕೂತು ಫೋಟೊದ ಹಿಂದೆ ಎಡದಿಂದ ಬಲಕ್ಕೆ ಒಬ್ಬೊಬ್ಬರ ಹೆಸರನ್ನೂ, ಊರನ್ನೂ, ಇಸವಿಯನ್ನೂ ಸೀಸದ ಕಡ್ಡಿಯಲ್ಲಿ ಬರೆದಿಡಿ. ಒಂದು ಪ್ರತಿಯನ್ನು ಈ ಸಂಚಿಕೆಯ ಹುಡುಗರಿಗೆ ಕೊಡಿ.